ಕಂಪ್ಯೂಟರ್ ನಾವೇ ಜೋಡಿಸಿಕೊಂಡರೆ ನಿಜಕ್ಕೂ ದುಡ್ಡು ಉಳಿಯುತ್ತಾ?

ಪ್ರಶ್ನೆ: ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಮಗಳು ಮಂಡ್ಯದಲ್ಲಿ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಎರಡನೇ ವರ್ಷ, ಮಗ ಪಿಯುಸಿ. ಇಬ್ಬರಿಗೂ ಸೇರಿ ಮನೆಗೆ ಒಂದು ಕಂಪ್ಯೂಟರ್ ಕೊಡಿಸಬೇಕು. 55 ಸಾವಿರದೊಳಗೆ ಮುಗಿಯಬೇಕು. ಶೋರೂಮಿನಲ್ಲಿ ಕಂಪನಿ ಕಂಪ್ಯೂಟರ್‌ಗೆ 52 ಸಾವಿರ ಹೇಳಿದರು. ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಮಾನಿಟರ್, ವಿಂಡೋಸ್ ಎಲ್ಲಾ ಸೇರಿ, ಒಂದು ವರ್ಷ ವಾರಂಟಿ. ಮಗಳ ಸ್ನೇಹಿತೆಯ ಅಣ್ಣ ಬಿಡಿ ಭಾಗಗಳ ಪಟ್ಟಿ ಬರೆದುಕೊಟ್ಟು, "ಅಂಕಲ್, ನಾವೇ ಜೋಡಿಸಿದರೆ 32,500ಕ್ಕೆ ಆಗುತ್ತೆ, ಹತ್ತಿರ ಹತ್ತಿರ 20 ಸಾವಿರ ಉಳಿಯುತ್ತೆ" ಅಂತಾನೆ. ಆ ಪಟ್ಟಿಯನ್ನೂ ಕಳಿಸಿದ್ದೇನೆ. ಇನ್ನೊಂದು ಅಂಗಡಿಯವರು 18 ಸಾವಿರಕ್ಕೇ ಐ5, 16 ಜಿಬಿ ರ‍್ಯಾಮ್, 2 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಸಿಸ್ಟಮ್ ಕೊಡುತ್ತೇವೆ ಅಂದರು. ಐ3ಗಿಂತ ಐ5 ದೊಡ್ಡದಲ್ವಾ? ನಮ್ಮೂರಲ್ಲಿ ಪಂಪ್‌ಸೆಟ್ ಓಡುವ ಹೊತ್ತಲ್ಲಿ ವೋಲ್ಟೇಜ್ ಏರಿಳಿತ ಬೇರೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಮುಂದೆ ಮೂರು ರೇಟು ಇವೆ. ಆದರೆ ಮೂರೂ ಒಂದೇ ಸಾಮಾನಿನ ರೇಟಲ್ಲ. ಗೊಂದಲ ಆಗಿರೋದು ಅಲ್ಲೇ. ಮೈಸೂರಿನಲ್ಲಿ ಕಂಪ್ಯೂಟರ್ ಜೋಡಣೆ, ರಿಪೇರಿ ಮಾಡುವ ನಮ್ಮಂಥವರ ಹತ್ತಿರ ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಆ 18 ಸಾವಿರದ ಸಿಸ್ಟಮ್ ವಿಷಯ ಮುಗಿಸೋಣ, ಯಾಕೆಂದರೆ ಜಾಸ್ತಿ ಜನ ಮೋಸ ಹೋಗೋದು ಅದರಲ್ಲಿ. ಐ5 ಅನ್ನೋದು ಇಂಟೆಲ್ ಕಂಪನಿ 2009ರಿಂದ ಬಳಸಿಕೊಂಡು ಬಂದಿರುವ ಹೆಸರು. ಆ ಹೆಸರಿನಲ್ಲಿ ವರ್ಷ ವರ್ಷ ಹೊಸ ಪ್ರೊಸೆಸರ್‌ಗಳು ಬಂದಿವೆ. ಬರೀ "ಐ5" ಅಂದರೆ ಏನೂ ಹೇಳಿದಂತಾಗಲಿಲ್ಲ. ಮುಂದಿನ ನಂಬರ್ ಕೇಳಬೇಕು. ಈ ಬೆಲೆಗೆ ಮಾರುವ ಸಿಸ್ಟಮ್‌ಗಳಲ್ಲಿ ಸಾಮಾನ್ಯವಾಗಿ ಸಿಗೋದು ಐ5-3470 ಥರದ್ದು. 3470ರಲ್ಲಿ ಮೊದಲ ಅಂಕಿ 3, ಅಂದರೆ ಮೂರನೇ ತಲೆಮಾರು, 2012ರ ಪ್ರೊಸೆಸರ್. ಯಾವುದೋ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದು ಹೊರಬಿದ್ದದ್ದು. ಅದಕ್ಕೆ ಹೊಸದಾಗಿ ಮಾಡಿದ, ಎಲ್ಲಾ ಭಾಗಗಳನ್ನೂ ಕೂರಿಸುವ ಮುಖ್ಯ ಹಲಗೆಯಾದ ಅಗ್ಗದ ಮದರ್‌ಬೋರ್ಡ್ ಹಾಕಿ, ಬಣ್ಣದ ಲೈಟಿನ ಕ್ಯಾಬಿನೆಟ್‌ನಲ್ಲಿ ಕೂರಿಸಿ ಕೊಡುತ್ತಾರೆ. ನೋಡೋಕೆ ಹೊಚ್ಚ ಹೊಸದು.

ಹೋಲಿಸೋಕೆ ಒಂದು ಹೊಸ ಐ3 ನೋಡಿ. ಐ3-12100 ಹನ್ನೆರಡನೇ ತಲೆಮಾರಿನದು, 2022ರಲ್ಲಿ ಬಂದದ್ದು. ಹೆಸರಲ್ಲಿ ಐ3 ಇದ್ದರೂ ಆ ಹಳೆಯ ಐ5ಗಿಂತ ಎರಡು ಪಟ್ಟಿಗೂ ಮೀರಿ ಕೆಲಸ ಮಾಡುತ್ತದೆ. ಇನ್ನು 2 ಜಿಬಿ ಗ್ರಾಫಿಕ್ಸ್ ಕಾರ್ಡ್ ಅಂದರೆ ಬಹಳ ಸಲ ಜಿಟಿ 730. ಅದು 2014ರಲ್ಲಿ ಬಂದ ಕಾರ್ಡ್. ಇವತ್ತಿನ ಎಷ್ಟೋ ಪ್ರೊಸೆಸರ್‌ಗಳ ಒಳಗೇ ಇರುವ ಗ್ರಾಫಿಕ್ಸ್ ಅದಕ್ಕಿಂತ ಚೆನ್ನಾಗಿದೆ.

ಇನ್ನೂ ಒಂದು ತೊಂದರೆ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಮೂರನೇ ತಲೆಮಾರಿನದರಲ್ಲಿ ಅದನ್ನು ಹೇಗೋ ತುರುಕಿ ಹಾಕಿಕೊಡುತ್ತಾರೆ. ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ಅದು ನಿಲ್ಲುತ್ತೋ ಇಲ್ಲವೋ ಯಾರೂ ಗ್ಯಾರಂಟಿ ಕೊಡಲ್ಲ. ಮೂರು ವರ್ಷ ಇಂಜಿನಿಯರಿಂಗ್ ಬಾಕಿ ಇರುವ ಹುಡುಗಿಗೆ ಇದನ್ನು ಕೊಡಿಸಬೇಡಿ. ಬರೀ ಟೈಪಿಂಗ್‌ಗೆ, ಬಿಲ್ ಹಾಕೋಕೆ, ಅಂತ ಗೊತ್ತಿದ್ದೇ ತಗೊಳ್ಳೋರ ವಿಷಯ ಬೇರೆ.

ಈಗ ಆ ಹುಡುಗ ಬರೆದುಕೊಟ್ಟ ಪಟ್ಟಿ. ಅವನ ಮನಸ್ಸು ಒಳ್ಳೆಯದೇ, ನಿಮಗೆ ದುಡ್ಡು ಉಳಿಸಬೇಕು ಅಂತಲೇ ಬರೆದಿದ್ದಾನೆ. ಪಟ್ಟಿಯಲ್ಲಿ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಪೆಟ್ಟಿಗೆ) ಜೊತೆಗೇ ಬರುವ ಕ್ಯಾಬಿನೆಟ್ ಇದೆ. ಒಟ್ಟು 32,500. ಇದರಲ್ಲಿ ಏನೇನು ಇಲ್ಲ ನೋಡಿ. ಮಾನಿಟರ್ ಇಲ್ಲ. ಕೀಬೋರ್ಡ್, ಮೌಸ್ ಇಲ್ಲ. ವಿಂಡೋಸ್ ಇಲ್ಲ. ಶೋರೂಮಿನವರ 52 ಸಾವಿರದಲ್ಲಿ ಇವೆಲ್ಲ ಇವೆ.

ಕೂಡಿ ನೋಡೋಣ. ಸಾಧಾರಣ 22 ಇಂಚಿನ ಮಾನಿಟರ್‌ಗೆ 7 ಸಾವಿರ ಇಟ್ಟುಕೊಳ್ಳಿ. ಕೀಬೋರ್ಡ್, ಮೌಸ್‌ಗೆ ಒಂದು ಸಾವಿರ. ವಿಂಡೋಸ್ 11 ಹೋಮ್ ಲೈಸೆನ್ಸ್ ಬಿಡಿಯಾಗಿ ಕೊಂಡರೆ 10 ಸಾವಿರದ ಆಸುಪಾಸು. ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ನಾನು ಯಾರಿಗೂ ಹಾಕಿಕೊಡುವುದಿಲ್ಲ, ಅದನ್ನು ಬದಲಿಸೋಕೆ ಇನ್ನೊಂದು 2 ಸಾವಿರ. ಅಲ್ಲಿಗೆ 52,500 ಆಯಿತು. ಇಪ್ಪತ್ತು ಸಾವಿರದ ಉಳಿತಾಯ ಎಲ್ಲಿ ಹೋಯಿತು?

ಇನ್ನೊಂದು ವಿಷಯ ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಪಟ್ಟಿಯಲ್ಲಿ ಪ್ರೊಸೆಸರ್ ಹೆಸರು ಐ3-12100ಎಫ್ ಅಂತಿದೆ. ಕೊನೆಯಲ್ಲಿ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಅದಕ್ಕೇ ಅದು ಸ್ವಲ್ಪ ಅಗ್ಗ. ಗೇಮಿಂಗ್‌ಗೆ ಅಂತ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವವರು ಅದನ್ನು ಕೊಳ್ಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲ. ಎಲ್ಲಾ ತಂದು, ಸರಿಯಾಗಿ ಜೋಡಿಸಿ ಸ್ವಿಚ್ ಹಾಕಿದರೂ ಫ್ಯಾನ್ ತಿರುಗುತ್ತದೆ, ಮಾನಿಟರ್ ಮಾತ್ರ ಕಪ್ಪಗೇ ಇರುತ್ತದೆ. ಮದರ್‌ಬೋರ್ಡ್ ಕೆಟ್ಟಿದೆ ಅಂತ ಅಂಗಡಿಗೆ ಓಡುತ್ತೀರಿ. ಯೂಟ್ಯೂಬ್ ನೋಡಿ ಪಟ್ಟಿ ಮಾಡುವ ಹುಡುಗರಲ್ಲಿ ಈ ಒಂದು ಅಕ್ಷರದ ತಪ್ಪು ಪದೇ ಪದೇ ಕಾಣುತ್ತದೆ.

ಹಾಗಾದರೆ ದೊಡ್ಡ ಕಂಪನಿಯವರು ಅದೇ ಬೆಲೆಗೆ ಹೇಗೆ ಕೊಡುತ್ತಾರೆ? ಅವರು ಪ್ರೊಸೆಸರ್, ರ‍್ಯಾಮ್ ಎಲ್ಲವನ್ನೂ ಲಕ್ಷಗಟ್ಟಲೆ ಕೊಳ್ಳುತ್ತಾರೆ. ವಿಂಡೋಸ್ ಅವರಿಗೆ ಬೀಳುವ ಬೆಲೆ ನಮಗೆ ಬೀಳುವುದಕ್ಕಿಂತ ಎಷ್ಟೋ ಕಮ್ಮಿ. ಮಿಕ್ಕಿದ್ದನ್ನು ಎಲ್ಲಿ ಉಳಿಸುತ್ತಾರೆ ಅಂದರೆ ಕಣ್ಣಿಗೆ ಕಾಣದ ಕಡೆ. ಮದರ್‌ಬೋರ್ಡ್ ತಮಗೆ ಬೇಕಾದ ಅಳತೆಗೆ ಮಾಡಿಸಿಕೊಳ್ಳುತ್ತಾರೆ. ಎಸ್‌ಎಂಪಿಎಸ್ ಅಷ್ಟಕ್ಕಷ್ಟೇ ಸಾಲುವಷ್ಟು ಹಾಕುತ್ತಾರೆ. ರ‍್ಯಾಮ್ ಎರಡು ಇರಬೇಕಾದ ಕಡೆ ಒಂದೇ ಹಾಕುತ್ತಾರೆ. ದಿನದ ಕೆಲಸಕ್ಕೆ ಇದರಿಂದ ತೊಂದರೆ ಇಲ್ಲ. ತೊಂದರೆ ಬರೋದು ಮೂರು ವರ್ಷ ಆದಮೇಲೆ. ಮಗ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು ಅನ್ನುತ್ತಾನೆ. ಎಸ್‌ಎಂಪಿಎಸ್ ತಡೆಯಲ್ಲ. ಬದಲಿಸೋಣ ಅಂದರೆ ಕೆಲವು ಮಾಡೆಲ್‌ಗಳಲ್ಲಿ ಕನೆಕ್ಟರ್ ಬೇರೆ ಥರ ಇರುತ್ತದೆ, ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್ ಕೂರೋದೇ ಇಲ್ಲ. ಮದರ್‌ಬೋರ್ಡ್ ಹೋದರೆ ಕ್ಯಾಬಿನೆಟ್ ಸಮೇತ ಬದಲಾಯಿಸಬೇಕಾದ ಪ್ರಸಂಗವೂ ಉಂಟು.

ಜೋಡಿಸಿದ ಕಂಪ್ಯೂಟರ್ ಗೆಲ್ಲೋದು ಇಲ್ಲಿ. ಇವತ್ತಿನ ಬಿಲ್ಲಿನಲ್ಲಿ ಅಲ್ಲ, ನಾಲ್ಕನೇ ವರ್ಷದ ಬಿಲ್ಲಿನಲ್ಲಿ. ಯಾವ ಕಂಪನಿಯ ಭಾಗವಾದರೂ ಒಂದೇ ನಿಗದಿತ ಅಳತೆಗೆ ಮಾಡಿದ್ದಾದ್ದರಿಂದ ಕ್ಯಾಬಿನೆಟ್, ಎಸ್‌ಎಂಪಿಎಸ್, ಎಸ್‌ಎಸ್‌ಡಿ ಇಟ್ಟುಕೊಂಡು ಬೇಕಾದ್ದನ್ನು ಮಾತ್ರ ಬದಲಿಸಬಹುದು. ಎಎಂಡಿ ಕಂಪನಿಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ನೋಡಿ. 2017ರಲ್ಲಿ ಅದರ ಮೊದಲ ರೈಜನ್ ಪ್ರೊಸೆಸರ್‌ಗೆ ಬೋರ್ಡ್ ಕೊಂಡ ಎಷ್ಟೋ ಜನ ಐದು ವರ್ಷ ಬಿಟ್ಟು ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡಿನಲ್ಲಿ 5000 ಸರಣಿಯ ಪ್ರೊಸೆಸರ್ ಕೂರಿಸಿಕೊಂಡರು. ಇನ್ನು ದುಬಾರಿ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಅಥವಾ ವಿಡಿಯೊ ಎಡಿಟಿಂಗ್ ಕಂಪ್ಯೂಟರ್ ಆದರೆ ಸಾಮಾನ್ಯವಾಗಿ ಮೊದಲ ದಿನವೇ ಜೋಡಿಸಿದ್ದು ಅಗ್ಗ, ಇಲ್ಲವೇ ಅದೇ ದುಡ್ಡಿಗೆ ಒಳ್ಳೆಯ ಭಾಗಗಳು ಸಿಗುತ್ತವೆ. ನಿಮ್ಮ ಬಜೆಟ್ಟಿನ ಹತ್ತಿರ ಮಾತ್ರ ಎರಡೂ ಸಮಸಮ.

ಸಮಸಮ ಅಂದೆ, ಆದರೆ ಈಚೆಗೆ ಅದೂ ಸ್ವಲ್ಪ ವಾಲಿದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಜಾಸ್ತಿ ಅಂತ ಅವು ಆ ಕಡೆ ತಿರುಗಿದವು. ನಮ್ಮಂಥವರು ಬಿಡಿಯಾಗಿ ಕೊಳ್ಳುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಅಂತ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹೀಗೆ ಬೆಲೆ ಏರುತ್ತಿರುವಾಗ ಬಿಡಿ ಭಾಗ ಕೊಳ್ಳುವವನಿಗೆ ಏಟು ಮೊದಲು ಬೀಳುತ್ತದೆ. ಹಳೇ ರೇಟಿನಲ್ಲಿ ಮೆಮೊರಿ ಕೊಂಡು ಹಾಕಿಟ್ಟ ಕಂಪನಿ ಕಂಪ್ಯೂಟರ್ ಶೋರೂಮಿನಲ್ಲಿ ಉಳಿದಿದ್ದರೆ ಕೆಲವು ದಿನ ಅದೇ ಲಾಭ. ಆದ್ದರಿಂದ ಆ ಪಟ್ಟಿಯ 32,500 ಯಾವ ದಿನದ ರೇಟು ಅಂತ ಕೇಳಿ. ಎರಡು ತಿಂಗಳ ಹಿಂದಿನ ವಿಡಿಯೊ ನೋಡಿ ಹಾಕಿದ ರೇಟಾದರೆ ಅದನ್ನು ನಂಬಬೇಡಿ.

"ನಾವೇ ಜೋಡಿಸೋದು" ಅನ್ನುವ ಮಾತಿಗೆ ಬರೋಣ. ಜೋಡಿಸುವ ಕೂಲಿಯಲ್ಲಿ ಉಳಿಯೋದು ತುಂಬ ಕಡಿಮೆ. ಎಲ್ಲಾ ಭಾಗ ಒಂದೇ ಅಂಗಡಿಯಲ್ಲಿ ಕೊಂಡರೆ ಬಹಳಷ್ಟು ಕಡೆ ಸುಮ್ನೆ ಜೋಡಿಸಿಕೊಡುತ್ತಾರೆ, ಇಲ್ಲವೆಂದರೆ ಐನೂರೋ ಸಾವಿರವೋ ತಗೊಳ್ಳುತ್ತಾರೆ. ದುಡ್ಡು ಉಳಿಯೋದು ಸ್ಕ್ರೂ ಡ್ರೈವರ್ ಹಿಡಿಯೋದರಲ್ಲಿ ಅಲ್ಲ, ಯಾವ ಭಾಗ ಅಂತ ಆರಿಸೋದರಲ್ಲಿ. ಹಾಗಂತ ನಿಮ್ಮ ಮಗಳು ಜೋಡಿಸೋದು ಬೇಡ ಅಂತ ನಾನು ಹೇಳುತ್ತಿಲ್ಲ. ಕಂಪ್ಯೂಟರ್ ಸೈನ್ಸ್ ಓದುವ ಹುಡುಗಿ ಒಂದು ಸಲ ತನ್ನ ಕೈಯಾರೆ ಜೋಡಿಸಬೇಕು ಅನ್ನುವುದೇ ನನ್ನ ಆಸೆ. ಒಂದು ಸಂಜೆಯ ಕೆಲಸ. ಅಂಗಡಿಯಲ್ಲೇ, ಗೊತ್ತಿರುವವರು ಪಕ್ಕದಲ್ಲಿ ನಿಂತಿರುವಾಗ ಮಾಡಲಿ. ಅಪಾಯ ಇರೋದು ಮುಖ್ಯವಾಗಿ ಒಂದೇ ಕಡೆ, ಪ್ರೊಸೆಸರ್ ಕೂರಿಸುವಾಗ. ಇಂಟೆಲ್‌ನಲ್ಲಿ ಕೂದಲೆಳೆಯಂಥ ಪಿನ್ನುಗಳು ಮದರ್‌ಬೋರ್ಡಿನ ಸಾಕೆಟ್‌ನಲ್ಲಿರುತ್ತವೆ. ಎಎಂ4 ರೈಜನ್‌ನಲ್ಲಿ ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ. ಮೂಲೆಯ ತ್ರಿಕೋನದ ಗುರುತು ಎರಡೂ ಕಡೆ ಹೊಂದಿಸಿ ಸುಮ್ಮನೆ ಇಟ್ಟರೆ ತಾನೇ ಕೂರುತ್ತದೆ. ಒತ್ತಬಾರದು. ಪಿನ್ ಬಗ್ಗಿದರೆ ವಾರಂಟಿ ಹೋಯಿತು, ಸಾಮಾನ್ಯವಾಗಿ ಯಾವ ಕಂಪನಿಯೂ ಒಪ್ಪಲ್ಲ.

ನಾವೇ ಜೋಡಿಸಿದರೆ ವಾರಂಟಿ ಇರಲ್ಲ ಅನ್ನುವುದು ಸುಳ್ಳು. ಒಂದೊಂದು ಭಾಗಕ್ಕೂ ಅದರದೇ ವಾರಂಟಿ ಇರುತ್ತದೆ. ಡಬ್ಬದಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರ್‌ಗೆ ಮೂರು ವರ್ಷ, ಮದರ್‌ಬೋರ್ಡಿಗೆ ಸಾಮಾನ್ಯವಾಗಿ ಮೂರು, ಎಸ್‌ಎಸ್‌ಡಿಗೆ ಮೂರರಿಂದ ಐದು. ಕಂಪನಿ ಕಂಪ್ಯೂಟರಿನ ಒಂದು ವರ್ಷಕ್ಕಿಂತ ಇದು ಎಷ್ಟೋ ಮೇಲು. ಡಬ್ಬ ಇಲ್ಲದೆ ಬಿಡಿಯಾಗಿ ಕೊಡುವ "ಟ್ರೇ" ಪ್ರೊಸೆಸರ್ ಮಾತ್ರ ಬೇಡ, ಅದಕ್ಕೆ ತಯಾರಕರ ನೇರ ವಾರಂಟಿ ಸಿಗುವುದಿಲ್ಲ.

ಆದರೆ ಇದರಲ್ಲಿ ಒಂದು ಕಷ್ಟ ಇದೆ, ಅದು ನಿಮ್ಮಂಥ ಊರಿನವರಿಗೇ ಜಾಸ್ತಿ. ಯಾವ ಭಾಗ ಕೆಟ್ಟಿದೆ ಅಂತ ಕಂಡುಹಿಡಿಯಬೇಕಾದವರು ನೀವೇ. ಕಂಪ್ಯೂಟರ್ ಆನ್ ಆಗುತ್ತಿಲ್ಲ ಅಂದರೆ ಎಸ್‌ಎಂಪಿಎಸ್ಸೋ, ಬೋರ್ಡೋ, ರ‍್ಯಾಮೋ? ಗೊತ್ತಾಗಬೇಕಾದರೆ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್, ಇನ್ನೊಂದು ರ‍್ಯಾಮ್ ಹಾಕಿ ನೋಡಬೇಕು. ಮನೆಯಲ್ಲಿ ಅದೆಲ್ಲಿರುತ್ತೆ? ಆಮೇಲೆ ಅದನ್ನು ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಕೆಲವು ಬ್ರ್ಯಾಂಡ್‌ಗಳಿಗೆ ಬೆಂಗಳೂರಿಗೇ ಹೋಗಬೇಕಾಗುತ್ತದೆ. ಪರೀಕ್ಷೆ ಹೊತ್ತಿಗೆ ಹದಿನೈದು ದಿನ ಕಂಪ್ಯೂಟರ್ ಇಲ್ಲ ಅಂದರೆ ಏನು ಮಾಡುತ್ತೀರಿ?

ಅದಕ್ಕೆ ನನ್ನ ಗಿರಾಕಿಗಳಿಗೆ ಹೇಳೋದು ಇಷ್ಟೇ. ಪ್ರೊಸೆಸರ್ ಕೆಡೋದು ಬಹಳ ಅಪರೂಪ, ಅದನ್ನು ಆನ್‌ಲೈನ್‌ನಲ್ಲೋ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಅಗ್ಗಕ್ಕೆ ಸಿಕ್ಕರೆ ತನ್ನಿ. ಮದರ್‌ಬೋರ್ಡ್, ಎಸ್‌ಎಂಪಿಎಸ್ ಮಾತ್ರ ಮಂಡ್ಯದಲ್ಲೇ ಪರಿಚಯದ ಅಂಗಡಿಯಲ್ಲಿ ಕೊಳ್ಳಿ. ನಾಲ್ಕೈದು ನೂರು ಜಾಸ್ತಿಯಾದರೂ ಚಿಂತೆ ಇಲ್ಲ. ಜಾಸ್ತಿ ಕೆಡೋದು ಈ ಎರಡೇ, ಓಡಾಟ ತಪ್ಪುತ್ತದೆ. "ಬಿಲ್ ಬೇಡ ಅಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ" ಅಂದರೆ ಒಪ್ಪಬೇಡಿ. ಬಿಲ್ ಇಲ್ಲದೆ ವಾರಂಟಿ ಕೇಳೋಕೆ ಹೋದರೆ ಅರ್ಧ ಜನ ಬರಿಗೈಯಲ್ಲಿ ವಾಪಸ್ ಬರುತ್ತಾರೆ.

ಎಸ್‌ಎಂಪಿಎಸ್ ಬಗ್ಗೆ ಒಂದೆರಡು ಮಾತು ಜಾಸ್ತಿಯೇ ಹೇಳಬೇಕು. ವೋಲ್ಟೇಜ್ ಏರಿಳಿತ ಇದೆ ಅಂದಿರಲ್ಲ, ಅದರ ಏಟು ತಿನ್ನುವುದು ಇದೇ. ಅಂಗಡಿಯಲ್ಲಿ ಡಬ್ಬ ತೆಗೆಸಿ ಲೇಬಲ್ ಓದಿ. "450 ವ್ಯಾಟ್" ಅಂತ ದೊಡ್ಡದಾಗಿ ಬರೆದಿರುತ್ತದೆ, ಅದನ್ನು ಬಿಡಿ. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ ಎಷ್ಟು ಆಂಪ್ ಇದೆ ನೋಡಿ. 14 ಆಂಪ್ ಇದ್ದರೆ 12 ಇಂಟು 14, ಬರೀ 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬಳಸುವುದು ಆ 12 ವೋಲ್ಟನ್ನೇ. ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಅಲ್ಲಿ 35 ಆಂಪ್ ಆಸುಪಾಸು ಇರುತ್ತದೆ. ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಇರಲಿ. 200ರಿಂದ 240 ಅಂತಿದ್ದರೆ ನಿಮ್ಮೂರಲ್ಲಿ ವೋಲ್ಟೇಜ್ 180ಕ್ಕೆ ಇಳಿದಾಗ ಅದು ಕೈ ಕೊಡುತ್ತದೆ. 80 ಪ್ಲಸ್ ಬ್ರಾಂಜ್ ಗುರುತು ಇದ್ದರೆ ಒಳ್ಳೆಯದು, ಆದರೆ ಅದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನುವ ಲೆಕ್ಕ ಮಾತ್ರ, ಬಾಳಿಕೆಯ ಸರ್ಟಿಫಿಕೇಟ್ ಅಲ್ಲ. ಬಾಳಿಕೆಗೆ ವಾರಂಟಿ ವರ್ಷ ನೋಡಿ.

ಹಳ್ಳಿ ಮನೆಗಳಲ್ಲಿ ಇನ್ನೊಂದು ದೂರು ಬರುತ್ತದೆ: ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತೆ. ಕಂಪ್ಯೂಟರ್ ಕೆಟ್ಟಿಲ್ಲ, ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನು ಲೋಹದ ಮೈಗೆ ಬಿಡುತ್ತವೆ, ಅದು ಅರ್ಥ್ ವೈರಿನಲ್ಲಿ ಇಳಿದು ಹೋಗಬೇಕು. ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರೇ ಎಳೆದಿರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್, ಅರ್ಥ್ ನಡುವೆ ಅಳೆಯಲು ಹೇಳಿ. ಎರಡು ಮೂರು ವೋಲ್ಟ್ ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಗುಂಡಿ ತೆಗೆದು ಉಪ್ಪು, ಇದ್ದಿಲು ಹಾಕಿ ಅರ್ಥಿಂಗ್ ಮಾಡಿಸಿ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕೋದು ಮರೆಯಬೇಡಿ. ಕಂಪನಿ ಕಂಪ್ಯೂಟರ್ ತಂದರೂ ಇದು ಬೇಕೇ ಬೇಕು.

ಲ್ಯಾಪ್‌ಟಾಪ್ ಯಾಕೆ ಬೇಡ ಅಂತ ನೀವು ಬರೆದಿಲ್ಲ. ಮಗಳು ಕಾಲೇಜಿಗೆ ಒಯ್ಯಬೇಕು ಅಂದರೆ ಈ ಚರ್ಚೆಯೇ ಬೇಡ, ಲ್ಯಾಪ್‌ಟಾಪ್ ಕೊಡಿಸಿ. ಕರೆಂಟ್ ಹೋದಾಗಲೂ ಅದರ ಬ್ಯಾಟರಿ ಇರುತ್ತದೆ. ಇಬ್ಬರಿಗೂ ಸೇರಿ ಮನೆಯಲ್ಲೇ ಅಂದರೆ ಡೆಸ್ಕ್‌ಟಾಪ್ ಸರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಮಂಡ್ಯದಲ್ಲಿ ಜೋಡಿಸಿಕೊಡುವ ನಂಬಿಕೆಯ ಅಂಗಡಿ ಒಂದಿದ್ದರೆ ಜೋಡಿಸಿದ್ದನ್ನೇ ತಗೊಳ್ಳುತ್ತಿದ್ದೆ. ಪ್ರೊಸೆಸರ್ ರೈಜನ್ 5 5600ಜಿ. ಆರು ಕೋರ್, ಒಳಗೇ ಗ್ರಾಫಿಕ್ಸ್ ಇದೆ. ನಿಮ್ಮ ಮಗ ವ್ಯಾಲೊರೆಂಟ್ ಥರದ ಆಟ ಆಡೋಕೆ ಅದೇ ಸಾಕು. ರ‍್ಯಾಮ್ ಒಂದೇ ದೊಡ್ಡದರ ಬದಲು 8 ಜಿಬಿಯ ಎರಡು, ಯಾಕೆಂದರೆ ಒಳಗಿನ ಗ್ರಾಫಿಕ್ಸ್ ಈ ಮೆಮೊರಿಯನ್ನೇ ಬಳಸುತ್ತದೆ, ಎರಡಿದ್ದರೆ ವೇಗ ಜಾಸ್ತಿ. ಬಜೆಟ್ ತಡೆಯಲಿಲ್ಲ ಅಂದರೆ ಈಗ ಒಂದು, ಬೆಲೆ ಇಳಿದಾಗ ಇನ್ನೊಂದು. ಇದರ ಹೊಸ ತಲೆಮಾರಾದ ಎಎಂ5 ಮುಂದೆ ಜಾಸ್ತಿ ವರ್ಷ ನಡೆಯುತ್ತದೆ ನಿಜ, ಆದರೆ ಅದಕ್ಕೆ ಡಿಡಿಆರ್5 ಎಂಬ ಹೊಸ ಥರದ ರ‍್ಯಾಮೇ ಬೇಕು, ಈ ಬಜೆಟ್ಟಿನಲ್ಲಿ ಹೊಂದಲ್ಲ.

ವಿಂಡೋಸ್‌ಗೆ ಈಗಲೇ ಹತ್ತು ಸಾವಿರ ಹಾಕುತ್ತಿರಲಿಲ್ಲ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಬುಂಟು ಪುಕ್ಕಟೆ, ಕೋಡಿಂಗ್ ಕಲಿಯುವವರಿಗೆ ಅದು ಗೊತ್ತಿರಲೇಬೇಕು, ಕನ್ನಡ ಟೈಪಿಂಗೂ ಆಗುತ್ತದೆ. ನಿಮಗೆ ನಿಜವಾಗಿ ಉಳಿಯುವ ದುಡ್ಡು ಇದೇ. ಆ ದುಡ್ಡಿನಲ್ಲಿ ಒಳ್ಳೆಯ ಎಸ್‌ಎಂಪಿಎಸ್, ಒಂದು 600 ವಿಎ ಯುಪಿಎಸ್, ಅರ್ಥಿಂಗ್ ಮೂರೂ ಮುಗಿಯುತ್ತವೆ. ವ್ಯಾಲೊರೆಂಟ್ ಉಬುಂಟುವಿನಲ್ಲಿ ನಡೆಯಲ್ಲ, ಕಾಲೇಜಿನವರು ಯಾವುದಾದರೂ ವಿಂಡೋಸ್ ಸಾಫ್ಟ್‌ವೇರೇ ಬೇಕು ಅಂದರೂ ಕಷ್ಟ. ಆಗ ವಿಂಡೋಸ್ ಲೈಸೆನ್ಸ್ ಕೊಳ್ಳಿ. ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಮುಂದಿನ ಕಂಪ್ಯೂಟರಿಗೂ ಒಯ್ಯಬಹುದು, ಕಂಪನಿ ಕಂಪ್ಯೂಟರಿನ ಜೊತೆ ಬರುವುದು ಆ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಅಂಗಡಿಯವರು "ಕ್ರ್ಯಾಕ್ ಹಾಕಿಕೊಡ್ತೀವಿ" (ಲೈಸೆನ್ಸ್ ಇಲ್ಲದ ಕಳ್ಳ ವಿಂಡೋಸ್) ಅಂದರೆ ಬೇಡ ಅನ್ನಿ. ಅದಕ್ಕಾಗಿ ಆಂಟಿವೈರಸ್ ಆಫ್ ಮಾಡಿಸುತ್ತಾರೆ. ಅದೇ ಕಂಪ್ಯೂಟರಿನಲ್ಲಿ ಮುಂದೆ ನೀವು ಬ್ಯಾಂಕ್ ಪಾಸ್‌ವರ್ಡ್ ಹಾಕುವವರು.

ಅಂಥ ಅಂಗಡಿ ಇಲ್ಲ, ಕೆಟ್ಟರೆ ನೋಡುವವರೂ ಯಾರಿಲ್ಲ ಅಂದರೆ ಆ 52 ಸಾವಿರದ್ದನ್ನೇ ತಗೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ನಷ್ಟವೂ ಇಲ್ಲ. ಚೌಕಾಸಿ ಮಾಡಿ ವಾರಂಟಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಿಕೊಡಿ ಅಂತ ಕೇಳಿ. ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ ನಿಮ್ಮ ಹಳ್ಳಿಯ ಪಿನ್‌ಕೋಡಿಗೆ ಇದೆಯಾ ಅಂತ ಕಂಪನಿ ಸಹಾಯವಾಣಿಗೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ಶೋರೂಮಿನವರ ಮಾತು ಸಾಲದು. ಒಳಗೆ ರ‍್ಯಾಮ್ ಸ್ಲಾಟ್ ಇನ್ನೊಂದು ಖಾಲಿ ಇದೆಯಾ, ಪ್ರೊಸೆಸರ್‌ನ ಪೂರ್ತಿ ನಂಬರ್ ಏನು ಅಂತಲೂ ಕೇಳಿ. ಅಲ್ಲೇ ಕಂಪ್ಯೂಟರ್ ಆನ್ ಮಾಡಿಸಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಒತ್ತಿದರೆ ಎರಡೂ ಕಾಣುತ್ತವೆ.

ಜೋಡಿಸಿದ್ದೇ ತಗೊಂಡರೆ, ದುಡ್ಡು ಕೊಡುವ ಮೊದಲು ಪ್ರತಿ ಭಾಗದ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಖಾಲಿ ಡಬ್ಬಗಳನ್ನೂ ಕೇಳಿ ತಗೊಂಡು ಬನ್ನಿ. ಬಿಲ್ಲಿನ ಶಾಯಿ ವರ್ಷದೊಳಗೆ ಮಾಸಿ ಹೋಗುತ್ತದೆ, ಅವತ್ತೇ ಮೊಬೈಲಿನಲ್ಲಿ ಫೋಟೊ ತೆಗೆದು ಮಗಳಿಗೂ ಕಳಿಸಿಡಿ. ಕೊಳ್ಳುವ ಮುಂಚೆ ಹೊಸ ಪಟ್ಟಿಯನ್ನು ಅವತ್ತಿನ ರೇಟಿನ ಜೊತೆ ಕಳಿಸಿದರೆ ನೋಡಿ ಹೇಳುತ್ತೇನೆ.